ಎಲುಬಿನ ಫ್ಲೋರಿನ್ ಮೌನ, ಗುಳಿಗೆಯ ಫ್ಲೋರಿನ್ ಮಾತು

ಮುಂಡರಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಫ್ಲೋರೈಡ್ ಎಂಬ ಪದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಅದು ಗೊತ್ತು. ಮೊಮ್ಮಗನ ಹಲ್ಲಿನ ಮೇಲೆ ಕಂದು ಗೆರೆ ಎಳೆದದ್ದು ಅದೇ. ಮನೆಯ ಹಿರಿಯನ ಮೊಣಕಾಲು ಮಡಚದಂತೆ ಮಾಡಿದ್ದು, ಕತ್ತು ಹೊರಳದಂತೆ ಮಾಡಿದ್ದು ಅದೇ. ಶಿರಹಟ್ಟಿ, ಗದಗ ಕಡೆಯ ಕೆಲವು ಹಳ್ಳಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕೆರೆ ಬತ್ತಿ, ತೆರೆದ ಬಾವಿ ಪಾಳುಬಿದ್ದು, ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ನೆಲದಡಿಯ ಕಲ್ಲಿನಲ್ಲಿ ಕೂತಿದ್ದ ಫ್ಲೋರೈಡ್ ಕರಗಿ ಕೊಡದೊಳಕ್ಕೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸಾಕು, ಬೇರೆ ಗತಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಈ ಗೆರೆ ದಾಟಿದ ಬಾವಿಗಳಿಗೆ ಈ ಸೀಮೆಯಲ್ಲಿ ಬರವಿಲ್ಲ.

ಇಂಥದೇ ಒಂದು ಹಳ್ಳಿಯಿಂದ ಒಬ್ಬ ರೋಗಿ ಗದಗಿನ ಔಷಧದ ಅಂಗಡಿಗೆ ಬಂದು ಡಾಕ್ಟರ ಚೀಟಿ ಚಾಚಿದ ಎನ್ನಿ. ಜ್ವರಕ್ಕೋ ಮೂತ್ರದ ಉರಿಗೋ ಬರೆದುಕೊಟ್ಟ ಸಿಪ್ರೊಫ್ಲಾಕ್ಸಸಿನ್, ಹೊಟ್ಟೆಯ ಆಮ್ಲಕ್ಕೆ ಪ್ಯಾಂಟೊಪ್ರಜೋಲ್, ಕೊಲೆಸ್ಟರಾಲಿಗೆ ಅಟೊರ್ವಾಸ್ಟ್ಯಾಟಿನ್, ಹುಳುಕಡ್ಡಿಗೆ ಫ್ಲುಕೊನಜೋಲ್. ಅಂಗಡಿಯವನು ಕತ್ತರಿಯಿಂದ ಕತ್ತರಿಸಿ ಕೊಡುವ ಈ ಎಲ್ಲ ಗುಳಿಗೆಗಳಲ್ಲೂ ಇರುವ ಸಮಾನ ಅಂಶ ಯಾವುದು ಗೊತ್ತೆ? ಫ್ಲೋರಿನ್. ನೀರಿನಲ್ಲಿ ಬಂದು ಎಲುಬು ಸೇರಿದ ಅದೇ ಮೂಲವಸ್ತು. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಐದರಲ್ಲೊಂದು ಫ್ಲೋರಿನ್ ಹೊತ್ತುಕೊಂಡೇ ಬರುತ್ತದೆ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನಬೇಕು. 500 ಮಿಲಿಗ್ರಾಂ ಸಿಪ್ರೊಫ್ಲಾಕ್ಸಸಿನ್‌ನಲ್ಲಿ ಸುಮಾರು 29 ಮಿಲಿಗ್ರಾಂ ಫ್ಲೋರಿನ್ ಇದೆ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಕೆಟ್ಟ ನೀರನ್ನು ದಿನಕ್ಕೆ 4 ಲೀಟರ್ ಕುಡಿದರೂ ಒಳಹೋಗುವುದು 12 ಮಿಲಿಗ್ರಾಂ. ಅಂದರೆ ಒಂದು ಗುಳಿಗೆಯಲ್ಲಿ ಎರಡು ದಿನದ ನೀರಿಗಿಂತ ಹೆಚ್ಚು ಫ್ಲೋರಿನ್! ಹಾಗಾದರೆ ನೀರಿಗೆ ಹೆದರುವವನು ಗುಳಿಗೆಗೂ ಹೆದರಬೇಡವೆ?

ಬೇಡ. ಏಕೆ ಬೇಡ ಎಂಬುದರಲ್ಲೇ ಕಳೆದ ನಾಲ್ಕು ದಶಕಗಳ ಒಂದು ಸೊಗಸಾದ ವಿಜ್ಞಾನ ಅಡಗಿದೆ. ಮೈಯೊಳಗೆ ಹೋದ ಔಷಧ ಎಲ್ಲಿಗೆ ಹೋಯಿತು, ಏನಾಯಿತು, ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಚರ್ಮಕ್ಕೆ ಸೂಜಿಯನ್ನೂ ಚುಚ್ಚದೆ, ವಿಕಿರಣವನ್ನೂ ಸೋಂಕಿಸದೆ ಹೊರಗಿನಿಂದಲೇ ಕೇಳಿ ತಿಳಿಯುವ ವಿದ್ಯೆ ಅದು.

ಮೊದಲು ನೀರಿನ ಫ್ಲೋರಿನ್‌ಗೂ ಗುಳಿಗೆಯ ಫ್ಲೋರಿನ್‌ಗೂ ಇರುವ ವ್ಯತ್ಯಾಸ. ನೀರಿನಲ್ಲಿ ಅದು ವಿದ್ಯುದಂಶ ಹೊತ್ತ ಒಂಟಿ ಅಯಾನು. ಅದನ್ನೇ ಫ್ಲೋರೈಡ್ ಎನ್ನುವುದು. ಸಂತೆಯಲ್ಲಿ ಬಿಟ್ಟ ಗೂಳಿಯಂತೆ ಅದು ಎಲ್ಲಿ ಬೇಕಾದರೂ ನುಗ್ಗುತ್ತದೆ, ಅದರಲ್ಲೂ ಕ್ಯಾಲ್ಸಿಯಂ ಕಂಡರೆ ಬಿಡುವುದಿಲ್ಲ. ಎಲುಬು, ಹಲ್ಲುಗಳ ಹರಳಿನಲ್ಲಿ ಇನ್ನೊಬ್ಬರ ಜಾಗ ತೆರವು ಮಾಡಿಸಿ ತಾನು ಕೂರುತ್ತದೆ. ದೇಹದಲ್ಲಿ ಉಳಿದುಕೊಂಡ ಫ್ಲೋರೈಡಿನಲ್ಲಿ ನೂರಕ್ಕೆ 99 ಪಾಲು ಇರುವುದು ಅಲ್ಲೇ. ಗುಳಿಗೆಯ ಫ್ಲೋರಿನ್ ಹಾಗಲ್ಲ. ಅದು ನೊಗಕ್ಕೆ ಹೂಡಿದ ಎತ್ತು. ಇಂಗಾಲದ ಪರಮಾಣುವಿಗೆ ಅದನ್ನು ಕಟ್ಟಿರುವ ಬಂಧ ಸಾವಯವ ರಸಾಯನದಲ್ಲೇ ಅತ್ಯಂತ ಬಲವಾದವುಗಳಲ್ಲೊಂದು. ಯಕೃತ್ತಿನ ಕಿಣ್ವಗಳು ಉಳಿದ ಬಂಧಗಳನ್ನು ಕತ್ತರಿಸಿ ಹಾಕಿದರೂ ಸಾಮಾನ್ಯವಾಗಿ ಇದರ ತಂಟೆಗೆ ಹೋಗುವುದಿಲ್ಲ. ಸಿಪ್ರೊಫ್ಲಾಕ್ಸಸಿನ್ ತನ್ನ ಕೆಲಸ ಮುಗಿಸಿ ಮೂತ್ರದಲ್ಲೋ ಮಲದಲ್ಲೋ ಹೊರಬೀಳುವಾಗ ಫ್ಲೋರಿನ್ ಬಹುಮಟ್ಟಿಗೆ ನೊಗ ಕಳಚದೆಯೇ ಹೊರಗೆ ನಡೆದಿರುತ್ತದೆ.

ಔಷಧ ತಯಾರಕರು ಫ್ಲೋರಿನ್ನಿಗೆ ಮನಸೋತದ್ದಕ್ಕೆ ಇದೊಂದು ಕಾರಣ. ಇನ್ನೊಂದು, ಗಾತ್ರ. ಹೈಡ್ರೋಜನ್ನಿನ ಜಾಗದಲ್ಲಿ ಫ್ಲೋರಿನ್ ಕೂರಿಸಿದರೆ ಅಣುವಿನ ಆಕಾರ ಹೆಚ್ಚು ಕೆಡುವುದಿಲ್ಲ, ಗುಣ ಮಾತ್ರ ಬದಲಾಗುತ್ತದೆ. ಈ ವೇಷಾಂತರವನ್ನು ಮೊದಲು ಯುದ್ಧತಂತ್ರವನ್ನಾಗಿ ಬಳಸಿದವರಲ್ಲಿ ಪ್ರಮುಖ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡೆಲ್‌ಬರ್ಗರ್. ಕ್ಯಾನ್ಸರ್ ಗಡ್ಡೆಗಳು ಯುರಾಸಿಲ್ ಎಂಬ ವಸ್ತುವನ್ನು ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚು ಆಸೆಯಿಂದ ಹೀರಿಕೊಳ್ಳುತ್ತವೆ ಎಂಬುದು ಇಲಿಗಳಲ್ಲಿ ಕಂಡುಬಂದಿತ್ತು. ಹೈಡೆಲ್‌ಬರ್ಗರ್ ಆ ಯುರಾಸಿಲ್‌ನ ಐದನೆಯ ಸ್ಥಾನದ ಹೈಡ್ರೋಜನ್ ತೆಗೆದು ಫ್ಲೋರಿನ್ ಇಟ್ಟರು. 1957ರಲ್ಲಿ ಪ್ರಕಟವಾದ ಆ ಔಷಧವೇ 5-ಫ್ಲೋರೊಯುರಾಸಿಲ್. ಗಡ್ಡೆಯ ಕೋಶ ಅದನ್ನು ನಿಜವಾದ ಯುರಾಸಿಲ್ ಎಂದೇ ನಂಬಿ ಒಳಗೆ ಕರೆದುಕೊಳ್ಳುತ್ತದೆ. ಡಿಎನ್‌ಎ ಕಟ್ಟಲು ಬೇಕಾದ ಒಂದು ಕಿಣ್ವ ಅದನ್ನು ಬಾಯಿಗೆ ಹಾಕಿಕೊಂಡು ನುಂಗಲಾರದೆ ಉಗುಳಲಾರದೆ ಸಿಕ್ಕಿಬೀಳುತ್ತದೆ. ಕೋಶ ಸಾಯುತ್ತದೆ.

ಅರವತ್ತು ವರ್ಷಕ್ಕೂ ಮೇಲಾಯಿತು, ಆ ಔಷಧ ನಿವೃತ್ತವಾಗಿಲ್ಲ. ಜಠರ, ದೊಡ್ಡ ಕರುಳು, ಸ್ತನ, ಬಾಯಿ–ಗಂಟಲಿನ ಕ್ಯಾನ್ಸರುಗಳಲ್ಲಿ ಇಂದಿಗೂ ಅದನ್ನು, ಅಥವಾ ಹೊಟ್ಟೆಗೆ ಹೋದ ಮೇಲೆ ಅದಾಗಿಯೇ ಮಾರ್ಪಡುವ ಕ್ಯಾಪೆಸಿಟಾಬೀನ್ ಗುಳಿಗೆಯನ್ನು ಕೊಡುತ್ತಾರೆ. ತಂಬಾಕು, ಗುಟ್ಕಾದ ಫಲವಾಗಿ ಬಾಯಿ ಕ್ಯಾನ್ಸರ್ ಬೆಳೆಸಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತುವವರು ಗದಗ ಸೀಮೆಯಲ್ಲಿ ಕಡಿಮೆಯೇನಲ್ಲ.

ಬೆಟಗೇರಿಯ ಒಬ್ಬ ನೇಕಾರ, ಲಕ್ಷ್ಮೇಶ್ವರದ ಕಡೆಯ ಒಬ್ಬ ರೈತ ಇಬ್ಬರಿಗೂ ಒಂದೇ ಬಗೆಯ ಕರುಳಿನ ಕ್ಯಾನ್ಸರ್ ಎಂದು ಇಟ್ಟುಕೊಳ್ಳಿ. ಇಬ್ಬರ ಎತ್ತರ, ತೂಕ ಒಂದೇ. ಡಾಕ್ಟರು ಮೈಯ ಚದರಳತೆಯನ್ನು ಲೆಕ್ಕ ಹಾಕಿ ಇಬ್ಬರಿಗೂ ಅಷ್ಟೇ ಫ್ಲೋರೊಯುರಾಸಿಲ್ ಹನಿಸುತ್ತಾರೆ. ನೇಕಾರನ ಗಡ್ಡೆ ಕರಗುತ್ತದೆ, ಮತ್ತೆ ಮಗ್ಗಕ್ಕೆ ಕೂರುತ್ತಾನೆ. ರೈತನಿಗೆ ಬಾಯೆಲ್ಲ ಹುಣ್ಣು, ಭೇದಿ. ಗಡ್ಡೆ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಏಕೆ? ಔಷಧ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯಬಹುದು. ಆದರೆ ರಕ್ತ ಬರೀ ರಸ್ತೆ. ರಸ್ತೆಯಲ್ಲಿ ಎಷ್ಟು ಬಂಡಿ ಹೋದವು ಎಂದು ಎಣಿಸಿದರೆ ಗೋದಾಮಿನೊಳಗೆ ಎಷ್ಟು ಚೀಲ ಇಳಿಯಿತು ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಗಡ್ಡೆಯ ಚೂರನ್ನೇ ಕತ್ತರಿಸಿ ತೆಗೆಯಬೇಕು. ಅದೂ ಹತ್ತು ನಿಮಿಷಕ್ಕೊಮ್ಮೆ. ಯಾವ ರೋಗಿ ಒಪ್ಪಿಯಾನು?

ಇಲ್ಲಿ ಪ್ರವೇಶ ಕಾಂತೀಯ ಅನುರಣನದ್ದು. ಎಂಆರ್‌ಐ ಎಂದರೆ ಈಗ ಎಲ್ಲರಿಗೂ ಗೊತ್ತಿರುವ ಆ ದೊಡ್ಡ ಕೊಳವೆ, ಅದರ ಢಬಢಬ ಸದ್ದು. ಅದರ ಹೃದಯದಲ್ಲಿರುವುದು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲವಾದ, 1.5 ಟೆಸ್ಲಾದ ಅಯಸ್ಕಾಂತ. ಮೈಯೊಳಗಿನ ಹೈಡ್ರೋಜನ್ ಬೀಜಾಣುಗಳು ಪುಟ್ಟ ಬುಗುರಿಗಳಂತೆ ಈ ಕ್ಷೇತ್ರದಲ್ಲಿ ಓಲಾಡುತ್ತವೆ. ಸರಿಯಾದ ಆವರ್ತದ ರೇಡಿಯೊ ಅಲೆಯಿಂದ ಒಮ್ಮೆ ತಟ್ಟಿದರೆ ಅವು ಅದೇ ಆವರ್ತದಲ್ಲಿ ಮಾರುಲಿಯುತ್ತವೆ. ಆ ದನಿಯನ್ನು ಹಿಡಿದು ಚಿತ್ರವಾಗಿಸುವುದೇ ಎಂಆರ್‌ಐ. 1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ಈ ದಾರಿ ತೆರೆದರು. ಮುಂದೆ 2003ರಲ್ಲಿ ಅವರಿಗೂ ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಲಾಟರ್‌ಬರ್ ತೋರಿಸಿದ ವಿಧಾನ ನಿಧಾನದ್ದು. 1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ರಿಚರ್ಡ್ ಅರ್ನ್‌ಸ್ಟ್ ಅವರ ಪ್ರಯೋಗಾಲಯದಿಂದ ಹೊರಬಂದ ಒಂದು ಪ್ರಬಂಧ ಫೂರಿಯೆ ಗಣಿತವನ್ನು ಬಳಸಿ ಚಿತ್ರ ಕಟ್ಟುವ ದಾರಿ ತೋರಿಸಿತು. ಇಂದಿನ ಎಂಆರ್‌ಐ ಚಿತ್ರಗಳ ತಳಪಾಯ ಅದು. ಅದರ ಲೇಖಕರಲ್ಲಿ ಮೊದಲ ಹೆಸರು ಅನಿಲ್ ಕುಮಾರ್. ಮುಂದೆ ದಶಕಗಳ ಕಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಫ್ಲೋರಿನ್ ಹೊತ್ತ ಸಾವಯವ ಅಣುಗಳ ನಡತೆಯನ್ನು ಅನುರಣನದಿಂದ ಓದುವ ಕೆಲಸವೂ ಅದೇ ಸಂಸ್ಥೆಯಲ್ಲಿ ಎನ್. ಸೂರ್ಯಪ್ರಕಾಶ್ ಮತ್ತಿತರರ ಕೈಯಲ್ಲಿ ನಡೆದಿದೆ. ಅದು ಗಾಜಿನ ನಳಿಗೆಯೊಳಗಿನ ಅಣುಗಳ ಅಧ್ಯಯನ. ಮೈಯೊಳಗಿನ ಔಷಧ ಹುಡುಕುವವರಿಗೂ ಅಕ್ಷರಮಾಲೆ ಅದೇ.

ಈಗ ಫ್ಲೋರಿನ್ ಮಾತು. ರೇಡಿಯೊದಲ್ಲಿ ಧಾರವಾಡ ಕೇಂದ್ರಕ್ಕೊಂದು, ಬೆಂಗಳೂರು ಕೇಂದ್ರಕ್ಕೊಂದು ಜಾಗ ಇರುವಂತೆ, ಪ್ರತಿ ಬೀಜಾಣುವಿಗೂ ತನ್ನದೇ ಆವರ್ತವಿದೆ. 1.5 ಟೆಸ್ಲಾ ಯಂತ್ರದಲ್ಲಿ ಹೈಡ್ರೋಜನ್ ಸಿಗುವುದು 63.9 ಮೆಗಾಹರ್ಟ್ಸ್‌ನಲ್ಲಿ. ಗುಂಡಿಯನ್ನು ಕೊಂಚ ಹಿಂದಕ್ಕೆ, 60.1ಕ್ಕೆ ತಿರುಗಿಸಿದರೆ ಅದು ಫ್ಲೋರಿನ್ ಕೇಂದ್ರ. ಪ್ರಕೃತಿಯಲ್ಲಿರುವ ಫ್ಲೋರಿನ್ ಎಲ್ಲವೂ ಒಂದೇ ಬಗೆಯದು, 19 ತೂಕದ್ದು. ಅಷ್ಟೂ ಅನುರಣಿಸಬಲ್ಲದು, ದನಿಯ ಬಲದಲ್ಲಿ ಹೈಡ್ರೋಜನ್ನಿಗೆ ನೂರಕ್ಕೆ 83ರಷ್ಟು ಸಮ. ಇಂಗಾಲದಂಥ ಮೂಲವಸ್ತುಗಳಿಗೆ ಈ ಭಾಗ್ಯವಿಲ್ಲ. ಅದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಮಾತಾಡುತ್ತದೆ.

ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಹೈಡ್ರೋಜನ್ ಕೇಂದ್ರದಲ್ಲಿ ಜಾತ್ರೆಯ ಗದ್ದಲ. ನೀರು, ಕೊಬ್ಬು ಎಲ್ಲವೂ ಒಟ್ಟಿಗೆ ಕೂಗುತ್ತವೆ. ಅಲ್ಲಿ ಔಷಧದ ಪಿಸುಮಾತು ಕೇಳುವ ಆಸೆ ವ್ಯರ್ಥ. ಫ್ಲೋರಿನ್ ಕೇಂದ್ರಕ್ಕೆ ತಿರುಗಿಸಿದರೆ ನಿಶ್ಶಬ್ದ. ಮನುಷ್ಯನ ಮೈಯ ಮೃದು ಅಂಗಾಂಶಗಳಲ್ಲಿ ಕೇಳಿಸುವಷ್ಟು ಫ್ಲೋರಿನ್ ಸಹಜವಾಗಿ ಇಲ್ಲವೇ ಇಲ್ಲ. ಆ ಮೌನದಲ್ಲಿ ಒಂದು ದನಿ ಕೇಳಿತೆಂದರೆ ಅದು ಹೊರಗಿನಿಂದ ಹೋದದ್ದೇ, ಅಂದರೆ ಔಷಧವೇ.

ಮುಂಡರಗಿಯ ಓದುಗರು ಇಲ್ಲಿ ತಡೆದು ಒಂದು ಪ್ರಶ್ನೆ ಕೇಳಿಯಾರು. ದೇಶದ ಉಳಿದವರ ಮೈಯಲ್ಲಿ ಫ್ಲೋರಿನ್ ಇಲ್ಲ ಎನ್ನಿ, ಒಪ್ಪೋಣ. ಇಪ್ಪತ್ತು ಮೂವತ್ತು ವರ್ಷ ಕೊಳವೆಬಾವಿಯ ನೀರು ಕುಡಿದು ಎಲುಬಿನ ತುಂಬ ಫ್ಲೋರೈಡ್ ತುಂಬಿಕೊಂಡವರ ಮೈ ಮೌನವಾಗಿ ಇದ್ದೀತೆ? ಆ ಗದ್ದಲದಲ್ಲಿ ಔಷಧದ ದನಿ ಮುಳುಗಿಹೋಗದೆ?

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಅನಿರೀಕ್ಷಿತ: ಆ ಎಲುಬೂ ಮೌನವೇ. ಗದಗ ಎಂದರೆ ವೀರೇಶ್ವರ ಪುಣ್ಯಾಶ್ರಮದ ಊರು, ತಂಬೂರಿಯ ಉದಾಹರಣೆ ಇಲ್ಲಿ ಯಾರಿಗೂ ಹೊಸದಾಗದು. ತಂತಿಯನ್ನು ಮೀಟಿ ಬಿಟ್ಟರೆ ಅದು ಬಹಳ ಹೊತ್ತು ಒಂದೇ ಸ್ವರದಲ್ಲಿ ಝೇಂಕರಿಸುತ್ತದೆ. ಅದೇ ತಂತಿಯ ಮೇಲೆ ಅಂಗೈ ಒತ್ತಿಟ್ಟು ಮೀಟಿದರೆ ‘ಟಪ್’ ಎಂದು ಸತ್ತುಹೋಗುತ್ತದೆ; ಅದು ಯಾವ ಸ್ವರ ಎಂದೂ ತಿಳಿಯುವುದಿಲ್ಲ. ದ್ರವದಲ್ಲಿ ಅಣುಗಳು ಸದಾ ಹೊರಳಾಡುತ್ತಿರುವುದರಿಂದ ಅಕ್ಕಪಕ್ಕದ ಬೀಜಾಣುಗಳ ಪ್ರಭಾವ ಅತ್ತಿತ್ತ ಕಳೆದು ಸೊನ್ನೆಯಾಗುತ್ತದೆ, ಸ್ವರ ಶುದ್ಧವಾಗಿ ಬಹಳ ಹೊತ್ತು ಉಳಿಯುತ್ತದೆ. ಎಲುಬಿನ ಗಟ್ಟಿ ಹರಳಿನಲ್ಲಿ ಫ್ಲೋರಿನ್ ಅಲುಗಾಡದೆ ಕೂತಿದೆ. ನೆರೆಹೊರೆಯವರ ಅಂಗೈ ಸದಾ ಅದರ ಮೇಲೆ. ಹಾಗಾಗಿ ಅದರ ದನಿ ಸೆಕೆಂಡಿನ ಅತಿ ಸಣ್ಣ ಪಾಲಿನಷ್ಟು ಹೊತ್ತಿನಲ್ಲಿ ಅಡಗಿಹೋಗುತ್ತದೆ. ಆಸ್ಪತ್ರೆಯ ಯಂತ್ರ ಕಿವಿ ತೆರೆಯುವ ಹೊತ್ತಿಗೆ ಅಲ್ಲಿ ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಎಷ್ಟು ವಿಚಿತ್ರ ನೋಡಿ. ಎಲುಬಿನಲ್ಲಿ ಗ್ರಾಂಗಟ್ಟಲೆ ಫ್ಲೋರಿನ್ ಇದ್ದರೂ ಯಂತ್ರಕ್ಕೆ ಕುರುಡು. ಯಕೃತ್ತಿನಲ್ಲಿ ಕೆಲವೇ ಮಿಲಿಗ್ರಾಂ ಕರಗಿದ್ದರೂ ಕಾಣುತ್ತದೆ. ಇಲ್ಲಿ ಎಣಿಕೆಗೆ ಬರುವುದು ಎಷ್ಟಿದೆ ಎಂಬುದಲ್ಲ, ಯಾರ ಜೊತೆ ಹೇಗೆ ಕಟ್ಟಿಕೊಂಡಿದೆ ಎಂಬುದು.

ಸ್ವರದ ಉಪಮೆಯನ್ನು ಇನ್ನೂ ಸ್ವಲ್ಪ ದೂರ ಒಯ್ಯಬಹುದು. ಫ್ಲೋರಿನ್ ಯಾವ ಅಣುವಿನಲ್ಲಿದೆಯೋ ಅದಕ್ಕೆ ತಕ್ಕಂತೆ ಅದರ ಆವರ್ತ ಕೊಂಚ ಏರುತ್ತದೆ ಅಥವಾ ಇಳಿಯುತ್ತದೆ. ಫ್ಲೋರೊಯುರಾಸಿಲ್ ಒಂದು ಸ್ವರದಲ್ಲಿ ಹಾಡಿದರೆ, ಯಕೃತ್ತು ಅದನ್ನು ಒಡೆದು ಮಾಡಿದ ನಿರುಪಯುಕ್ತ ಅವಶೇಷ ಇನ್ನೊಂದು ಸ್ವರದಲ್ಲಿ ಹಾಡುತ್ತದೆ. 60 ಮೆಗಾಹರ್ಟ್ಸ್‌ನ ಮಹಾಶ್ರುತಿಯಲ್ಲಿ ಇವೆರಡರ ಅಂತರ ಸಾವಿರ ಹರ್ಟ್ಸ್‌ಗಿಂತ ಕೊಂಚ ಹೆಚ್ಚು. ಗಡ್ಡೆಯ ಕೋಶ ಅದನ್ನು ಒಳಗೆಳೆದುಕೊಂಡು ವಿಷದ ರೂಪಕ್ಕೆ ತಿರುಗಿಸಿದ್ದರೆ ಮೂರನೆಯ ಸ್ವರ. ಹೀಗೆ ಔಷಧ ಇದೆ ಎಂಬುದಷ್ಟೇ ಅಲ್ಲ, ಅದಕ್ಕೆ ಏನಾಯಿತು ಎಂಬುದೂ ಕೇಳಿಸುತ್ತದೆ. ರಕ್ತಕ್ಕೆ ಬೆರೆಸುವ ವಿಕಿರಣಶೀಲ ಗುರುತುಗಳಿಂದ ಇದು ಸುಲಭವಲ್ಲ. ಅವು ‘ಇಲ್ಲಿದ್ದೇನೆ’ ಎನ್ನುತ್ತವೆಯೇ ಹೊರತು ‘ಈಗ ನಾನು ಯಾರು’ ಎಂದು ಹೇಳುವುದಿಲ್ಲ.

1984ರಲ್ಲಿ ಬ್ರಿಟನ್ನಿನ ಸ್ಟೀವನ್ಸ್, ಗ್ರಿಫಿತ್ಸ್ ಮತ್ತು ಸಂಗಡಿಗರು ಬದುಕಿರುವ ಇಲಿಯ ಯಕೃತ್ತಿನಲ್ಲೂ ಗಡ್ಡೆಯಲ್ಲೂ ಫ್ಲೋರೊಯುರಾಸಿಲ್ ಕರಗುತ್ತ ಬದಲಾಗುತ್ತ ಹೋಗುವುದನ್ನು ಹೀಗೆ ಕೇಳಿಸಿಕೊಂಡರು. ಬಳಿಕ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ವಾಲ್ಟರ್ ವುಲ್ಫ್, ಕ್ಯಾರಿ ಪ್ರೆಸೆಂಟ್ ತಂಡದವರು ರೋಗಿಗಳತ್ತಲೇ ತಿರುಗಿದರು. ಗಡ್ಡೆಯ ಮೇಲೆ ಫ್ಲೋರಿನ್ನಿಗೆ ಶ್ರುತಿ ಮಾಡಿದ ಸುರುಳಿ ಇಟ್ಟು, ಔಷಧ ಕೊಟ್ಟು, ನಿಮಿಷ ನಿಮಿಷಕ್ಕೂ ದನಿ ದಾಖಲಿಸಿದರು. ರಕ್ತದಲ್ಲಿ ಈ ಔಷಧದ ಅರ್ಧ ಪಾಲು ಕರಗಿಹೋಗಲು ಹತ್ತು–ಹದಿನೈದು ನಿಮಿಷ ಸಾಕು. ಆದರೆ ಕೆಲವರ ಗಡ್ಡೆಯಲ್ಲಿ ಅದು 20 ನಿಮಿಷಕ್ಕೂ ಮೀರಿ ಉಳಿಯಿತು. ಗಡ್ಡೆ ಔಷಧವನ್ನು ಹಿಡಿದಿಟ್ಟುಕೊಂಡಿತ್ತು. ಇನ್ನು ಕೆಲವರಲ್ಲಿ ಬಂದ ದಾರಿಯಲ್ಲೇ ಹೊರಟುಹೋಯಿತು. ಚಿಕಿತ್ಸೆಗೆ ಮಣಿದ ಗಡ್ಡೆಗಳು ಬಹುತೇಕ ಹಿಡಿದಿಟ್ಟುಕೊಂಡವರ ಗುಂಪಿನಲ್ಲೇ ಇದ್ದವು. 1990ರಲ್ಲಿ ಮೊದಲ ದೊಡ್ಡ ವರದಿ, 1994ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಚಿಕಿತ್ಸೆಯ ಫಲಿತಾಂಶದೊಂದಿಗೆ ತಾಳೆ ನೋಡಿದ ವರದಿ ಬಂದವು. ಹಿಡಿದಿಟ್ಟುಕೊಂಡವರೆಲ್ಲ ಗುಣವಾಗಲಿಲ್ಲ ಎಂಬುದನ್ನೂ ಮರೆಯಬಾರದು. ಗೋದಾಮಿಗೆ ಚೀಲ ಇಳಿಯುವುದು ಊಟಕ್ಕೆ ಮೊದಲ ಹೆಜ್ಜೆ, ಊಟವೇ ಅಲ್ಲ.

ಮನಸ್ಸಿನ ಕಾಯಿಲೆಗಳ ಕಡೆಗೂ ಈ ಕಿವಿ ತಿರುಗಿತು. ಖಿನ್ನತೆಗೆ ಕೊಡುವ ಫ್ಲೂಓಕ್ಸೆಟಿನ್ ಅಣುವಿನಲ್ಲಿ ಒಂದಲ್ಲ, ಮೂರು ಫ್ಲೋರಿನ್. ಮೂರೂ ಒಂದೇ ಸ್ವರದಲ್ಲಿ ಕೂಡಿ ಹಾಡುವುದರಿಂದ ದನಿ ಮೂರು ಪಟ್ಟು. 1990ರ ದಶಕದಲ್ಲಿ ರೋಗಿಗಳ ತಲೆಬುರುಡೆಯ ಹೊರಗಿನಿಂದಲೇ ಅದನ್ನು ಆಲಿಸಿದಾಗ ತಿಳಿದದ್ದು: ಮೆದುಳಿನಲ್ಲಿ ಈ ಔಷಧ ರಕ್ತಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಸೇರುತ್ತದೆ, ಆ ಮಟ್ಟ ಮುಟ್ಟಲು ವಾರಗಟ್ಟಲೆ ಹಿಡಿಯುತ್ತದೆ, ಗುಳಿಗೆ ನಿಲ್ಲಿಸಿದ ಮೇಲೆ ಇಳಿಯಲೂ ಅಷ್ಟೇ ನಿಧಾನ. ‘ನಾಲ್ಕು ದಿನ ನುಂಗಿದೆ, ಏನೂ ಆಗಲಿಲ್ಲ’ ಎಂದು ಗುಳಿಗೆ ಬಿಟ್ಟುಬಿಡುವವರಿಗೆ ಡಾಕ್ಟರು ತಾಳ್ಮೆಯ ಪಾಠ ಹೇಳುವುದಕ್ಕೆ ಇದೂ ಒಂದು ಆಧಾರ.

ಇಷ್ಟೆಲ್ಲ ಸೊಗಸಾಗಿದ್ದರೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದ ಆ ರೈತನಿಗೆ ಈ ಪರೀಕ್ಷೆಯನ್ನು ಡಾಕ್ಟರು ಏಕೆ ಬರೆದುಕೊಡುವುದಿಲ್ಲ? ಹುಬ್ಬಳ್ಳಿ ಇರಲಿ, ಜಗತ್ತಿನ ಯಾವ ಊರಿನಲ್ಲೂ ಇದು ದಿನನಿತ್ಯದ ಪರೀಕ್ಷೆಯಾಗಿಲ್ಲ. ಕಾರಣ, ಆ ದನಿ ಬಹಳ ಕ್ಷೀಣ. ಮೈಯ ನೀರಿನಲ್ಲಿ ಮಾತಾಡುವ ಹೈಡ್ರೋಜನ್ ಎಷ್ಟಿದೆಯೋ ಅದರ ಲಕ್ಷಕ್ಕೆ ಒಂದು ಪಾಲೂ ಔಷಧದ ಫ್ಲೋರಿನ್ ಇರುವುದಿಲ್ಲ. ಹಾಗಾಗಿ ಹೈಡ್ರೋಜನ್ನಿನಂತೆ ಕೂದಲೆಳೆಯ ಚಿತ್ರ ಬರುವುದಿಲ್ಲ. ಅಂಗೈಯಗಲದ ಜಾಗದಿಂದ ಹಲವು ನಿಮಿಷ ಆಲಿಸಿದರೆ ಕಾಗದದ ಮೇಲೆ ಎರಡು ಮೂರು ಶಿಖರಗಳು ಮೂಡುತ್ತವೆ, ಅಷ್ಟೆ. ಫ್ಲೋರೊಯುರಾಸಿಲ್‌ನಂತೆ ನೂರಾರು ಮಿಲಿಗ್ರಾಂ ಕೊಡುವ ಔಷಧವಾದರೆ ಸರಿ; ಹತ್ತು ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್ ನುಂಗಿದವನ ಮೈಯಲ್ಲಿ ಯಾವ ಯಂತ್ರಕ್ಕೂ ಏನೂ ಕೇಳಿಸದು. ಜೊತೆಗೆ ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ಯಂತ್ರಗಳು ಹೈಡ್ರೋಜನ್ ಒಂದಕ್ಕೇ ಶ್ರುತಿಗೊಂಡವು. ಫ್ಲೋರಿನ್ನಿಗೆ ಬೇರೆ ಸುರುಳಿ, ಬೇರೆ ವಿದ್ಯುನ್ಮಾನ ಉಪಕರಣ, ಅದನ್ನು ಬಲ್ಲ ಕೈ ಎಲ್ಲವೂ ಬೇಕು.

ಆದರೂ ಆ ಪ್ರಯೋಗಗಳು ಹೇಳಿಕೊಟ್ಟ ಪಾಠ ವ್ಯರ್ಥವಾಗಲಿಲ್ಲ. ರೋಗಿಯ ಯಕೃತ್ತು ಫ್ಲೋರೊಯುರಾಸಿಲ್‌ನ ಬಹುಪಾಲನ್ನು ಗಡ್ಡೆ ತಲುಪುವ ಮೊದಲೇ ಒಡೆದುಹಾಕುತ್ತದೆ ಎಂಬುದನ್ನು ಅವು ಕಣ್ಣಿಗೆ ಕಟ್ಟಿದಂತೆ ತೋರಿಸಿದವು. ಒಡೆಯುವ ಕಿಣ್ವದ ಹೆಸರು ಡಿಪಿಡಿ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ ಇರುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅಂಥವರಿಗೆ ಎಲ್ಲರಷ್ಟೇ ಔಷಧ ಕೊಟ್ಟರೆ ಅದು ಮೈಯಲ್ಲೇ ನಿಂತು ಬಾಯಿಹುಣ್ಣು, ಭೇದಿ, ರಕ್ತಕಣಗಳ ಕುಸಿತ ತಂದು ಜೀವಕ್ಕೇ ಎರವಾಗಬಹುದು. ಇದನ್ನು ತಿಳಿಯಲು ಮಹಾಯಂತ್ರ ಬೇಡ, ರಕ್ತದ ಮಾದರಿ ಸಾಕು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ, ಈ ಔಷಧವನ್ನಾಗಲಿ ಕ್ಯಾಪೆಸಿಟಾಬೀನನ್ನಾಗಲಿ ಕೊಡುವ ಮೊದಲೇ ಡಿಪಿಡಿ ಪರೀಕ್ಷೆ ಮಾಡಿಸಿ ಎಂದು ಶಿಫಾರಸು ಮಾಡಿತು. ಗದಗ ಸೀಮೆಯ ರೋಗಿಯ ಮನೆಯವರು ಚಿಕಿತ್ಸೆ ಶುರುವಾಗುವ ಮುನ್ನ ಡಾಕ್ಟರನ್ನು ಕೇಳಿನೋಡಬಹುದಾದ ಪ್ರಶ್ನೆ ಇದು. ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಫ್ಲೋರಿನ್ ಕೇಂದ್ರ ಅಲ್ಲಿಗೇ ಮುಚ್ಚಿಲ್ಲ. ದೇಹದೊಳಗೆ ಅಣುಗಳ ಬದಲು ಜೀವಂತ ಕೋಶಗಳನ್ನೇ ಹಿಂಬಾಲಿಸುವ ಆಲೋಚನೆ ಬಂತು. ರೋಗಿಯ ರಕ್ತದಿಂದ ರಕ್ಷಣಾ ಕೋಶಗಳನ್ನು ತೆಗೆದು, ಫ್ಲೋರಿನ್ ತುಂಬಿದ ಎಣ್ಣೆಯಂಥ ದ್ರವದ ಅತಿಸೂಕ್ಷ್ಮ ಹನಿಗಳನ್ನು ಅವಕ್ಕೆ ಉಣ್ಣಿಸಿ ಮತ್ತೆ ಮೈಗೆ ಬಿಡುವುದು. ಒಂದೊಂದು ಕೋಶದಲ್ಲೂ ಲೆಕ್ಕವಿಲ್ಲದಷ್ಟು ಫ್ಲೋರಿನ್ ಇರುವುದರಿಂದ ದನಿ ಗಟ್ಟಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರಿಕ್ ಅಹ್ರೆನ್ಸ್ ತಂಡ 2005ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. 2014ರಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಲ್ಲೇ ಮೊದಲ ಪ್ರಯೋಗದ ವರದಿ ಬಂತು. ಚುಚ್ಚಿದ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ದಿನದಲ್ಲಿ ಆ ಜಾಗದಿಂದ ಕಣ್ಮರೆಯಾಗಿದ್ದವು. ದುಬಾರಿ ಚಿಕಿತ್ಸೆಯ ಅರ್ಧ ಪಾಲು ಎಲ್ಲಿ ಹೋಯಿತು ಎಂದು ಕೇಳುವುದಕ್ಕೂ ಮೊದಲು ಅರ್ಧ ಪಾಲು ಇಲ್ಲ ಎಂಬುದು ಗೊತ್ತಾಗಬೇಕಲ್ಲ!

ಇನ್ನು ನೀರಿನ ಕಡೆಗೆ. ಎಲುಬಿನ ಫ್ಲೋರೈಡ್ ಈ ಯಂತ್ರಕ್ಕೆ ಕಾಣದು ಎಂದರೆ ಅದನ್ನು ಕಾಣುವ ದಾರಿಯೇ ಇಲ್ಲ ಎಂದಲ್ಲ. ಅದಕ್ಕೆ ಬೇಕಾದ ಸಲಕರಣೆ ಅಗ್ಗದ್ದು. ಮಕ್ಕಳ ಹಲ್ಲು ನೋಡಿದರೆ ಅರ್ಧ ತಿಳಿಯುತ್ತದೆ. ಮೂತ್ರವನ್ನೂ ನೀರನ್ನೂ ಫ್ಲೋರೈಡ್ ಅಳೆಯುವ ವಿದ್ಯುದಗ್ರದಿಂದ ಪರೀಕ್ಷಿಸಬಹುದು. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಾಣುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಲ್ಲಿ. ಆಗ ಎಂಆರ್‌ಐ ಇರಲಿ, ಅನುರಣನದ ಪ್ರಯೋಗವೂ ಹುಟ್ಟಿರಲಿಲ್ಲ. ಗಮನಿಸುವ ಕಣ್ಣು, ಒಂದು ಎಕ್ಸ್‌ರೇ, ನೀರಿನ ಒಂದು ಸೀಸೆ ಸಾಕಾಗಿದ್ದವು.

ಚಿಕಿತ್ಸೆಯೂ ಔಷಧದ ಅಂಗಡಿಯಲ್ಲಿಲ್ಲ, ನೀರಿನಲ್ಲೇ ಇದೆ. ತುಂಗಭದ್ರೆಯಿಂದ ಕೊಳವೆಯಲ್ಲಿ ಬರುವ ನೀರು, ಚಾವಣಿಯಿಂದ ಹಿಡಿದಿಟ್ಟ ಮಳೆನೀರು, ಸರಿಯಾಗಿ ನಡೆಯುತ್ತಿರುವ ಶುದ್ಧ ನೀರಿನ ಘಟಕ ಇವೇ ಮದ್ದು. ಘಟಕ ಕೆಟ್ಟು ನಿಂತ ದಿನ ಹಳ್ಳಿಗರು ಮತ್ತೆ ಹಳೆಯ ಕೊಳವೆಬಾವಿಗೆ ಹೋದರೆ ಎಲುಬು ಅದನ್ನೂ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬ ನಂಬಿಕೆ ತಪ್ಪು. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಹಲ್ಲಿನ ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಆದ್ದರಿಂದ ಮನೆಯಲ್ಲಿ ಒಳ್ಳೆಯ ನೀರು ಒಂದೇ ಕೊಡ ಇದ್ದರೆ ಅದು ಮೊದಲು ಮಕ್ಕಳಿಗೂ ಬಸುರಿ–ಬಾಣಂತಿಯರಿಗೂ ಸಲ್ಲಬೇಕು.

ಗುಳಿಗೆಯ ವಿಷಯದಲ್ಲಿ ಪೂರ್ತಿ ಸತ್ಯ ಹೇಳಬೇಕೆಂದರೆ ನೊಗ ಕಳಚುವ ಎತ್ತುಗಳೂ ಒಂದೆರಡಿವೆ. ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ಮೂಸಿಸುತ್ತಿದ್ದ ಮೆಥಾಕ್ಸಿಫ್ಲೂರೇನ್ ಎಂಬ ಅರಿವಳಿಕೆ ಮೈಯಲ್ಲಿ ಒಡೆದು ಫ್ಲೋರೈಡ್ ಬಿಡುಗಡೆ ಮಾಡಿ ಮೂತ್ರಪಿಂಡಕ್ಕೆ ಘಾತ ಮಾಡಿದ್ದರಿಂದ ಅರಿವಳಿಕೆಯಾಗಿ ಅದರ ಬಳಕೆ ನಿಂತಿತು. ಕಠಿಣ ಶಿಲೀಂಧ್ರ ಸೋಂಕಿಗೆ ತಿಂಗಳುಗಟ್ಟಲೆ ಕೊಡುವ ವೊರಿಕೊನಜೋಲ್‌ನಿಂದ ಕೆಲವರ ರಕ್ತದಲ್ಲಿ ಫ್ಲೋರೈಡ್ ಏರಿ ಎಲುಬು ನೋವು ಬಂದದ್ದುಂಟು. ಅಂಥ ಔಷಧ ದೀರ್ಘಕಾಲ ನುಂಗಬೇಕಾದವರು ತಮ್ಮ ಊರಿನ ನೀರಿನ ಸಂಗತಿಯನ್ನು ಡಾಕ್ಟರ ಕಿವಿಗೆ ಹಾಕುವುದು ಒಳ್ಳೆಯದು. ಉಳಿದ ಹೆಚ್ಚಿನ ಔಷಧಗಳಿಗೆ ಈ ಭಯ ಅನಗತ್ಯ. ‘ಫ್ಲೋರಿನ್ ಇದೆಯಂತೆ’ ಎಂದು ಜ್ವರದ ಗುಳಿಗೆಯನ್ನೋ ಕ್ಯಾನ್ಸರಿನ ಔಷಧವನ್ನೋ ಅರ್ಧಕ್ಕೆ ನಿಲ್ಲಿಸಿ, ಅದೇ ಕೊಳವೆಬಾವಿಯ ನೀರನ್ನು ಗಟಗಟ ಕುಡಿಯುವುದು ಹಗ್ಗಕ್ಕೆ ಹೆದರಿ ಹಾವಿನ ಮೇಲೆ ಕಾಲಿಟ್ಟಂತೆ.

ಎಂಆರ್‌ಐ ಕೊಳವೆಯೊಳಗೆ ಮಲಗಿದ ಮುಂಡರಗಿಯ ಮುದುಕನ ಯಕೃತ್ತಿನಲ್ಲಿ ಗುಳಿಗೆಯ ಫ್ಲೋರಿನ್ ಮಾತಾಡೀತು, ಎಲುಬಿನದು ಮಾತಾಡದು. ಅದರ ಪರವಾಗಿ ಮಾತಾಡಬೇಕಾದವರು ಊರಿನವರೇ, ಗ್ರಾಮಸಭೆಯಲ್ಲಿ ನೀರಿನ ಪರೀಕ್ಷೆಯ ವರದಿ ಎಲ್ಲಿ ಎಂದು ಎದ್ದುನಿಂತು ಕೇಳುವ ಮೂಲಕ.